ಹಿಂದೆ ನಡೆದದ್ದಿಲ್ಲ

ಜಪಾನಿನ ಶಿನಾಗಾವಾದಲ್ಲಿ ಕೆಲಸ ಮಾಡುವ ಕನ್ನಡದ ಹುಡುಗರು ಯುಗಾದಿಗೆ ಒಂದು ಹಾಲ್ ಬಾಡಿಗೆಗೆ ಹಿಡಿದು ಊಟ ಹಾಕಿಸುತ್ತಿದ್ದರು. ಸೆಂಡಾಯ್‌ನಿಂದ ರೈಲು ಹತ್ತಿ ನಾನೂ ಹೋಗುತ್ತಿದ್ದೆ. ಪ್ರತಿ ಸಲವೂ ಹೊಸದಾಗಿ ಬಂದ ಯಾರಾದರೊಬ್ಬ ತಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ಕೂತು ಕೇಳುತ್ತಿದ್ದ.

"ಆಂಟಿ, ನೀವು ಯಾವ ಕಂಪನಿ?"

"ಕಂಪನಿ ಇಲ್ಲಪ್ಪ, ಯೂನಿವರ್ಸಿಟಿ. ಹಿಸ್ಟರಿ ಹೇಳ್ಕೊಡ್ತೀನಿ."

"ಓ, ಇಂಡಿಯನ್ ಹಿಸ್ಟರಿ."

"ಅಲ್ಲ. ಹದಿನೇಳನೇ ಶತಮಾನದ ಇಂಗ್ಲೆಂಡು. ಅಲ್ಲಿನ ಪಾರ್ಲಿಮೆಂಟು."

ಒಬ್ಬ ಹುಡುಗ ಒಬ್ಬಟ್ಟು ಅಗಿಯುತ್ತಾ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. "ಅಂದ್ರೆ ಆಂಟಿ, ಇಂಗ್ಲಿಷರ ಕಥೇನ ಜಪಾನಿನವರಿಗೆ ನಮ್ಮೋರು ಹೇಳ್ಬೇಕು. ಇದು ಪಕ್ಕಾ ಔಟ್‌ಸೋರ್ಸಿಂಗ್ ಬಿಡಿ."

ನನ್ನ ಕೆಲಸದ ಬಗ್ಗೆ ಅದಕ್ಕಿಂತ ಒಳ್ಳೆಯ ವಿವರಣೆಯನ್ನು ಯಾರೂ ಕೊಟ್ಟಿಲ್ಲ. ಈಗ ನಿವೃತ್ತಳಾಗಿದ್ದೇನೆ. ಈ ಕಸುಬಿಗೆ ಹೊಸದಾಗಿ ಕಾಲಿಡುತ್ತಿರುವ ಕೆಲವರು ಅದು ನಿಜವಾಗಿ ಹೇಗಿತ್ತು ಎಂದು ಕೇಳುತ್ತಿದ್ದಾರೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಬಾಗಿಲ ಮೇಲಿನ ಫಲಕ ಬದಲಾದ ಕಥೆ, ಅಷ್ಟೆ. ಇನ್ನೊಂದು ಮಾತು. ನನ್ನ ನೆನಪುಗಳು ಕ್ರಮವಾಗಿ ಬರುವುದಿಲ್ಲ. ಕ್ರಮವಾಗಿ ಬಂದರೆ ನನಗೇ ಅನುಮಾನ ಹುಟ್ಟುತ್ತದೆ. ಅದು ವಯಸ್ಸಿನ ದೋಷವಲ್ಲ, ಕಸುಬು ಕಲಿಸಿದ್ದು.

ಯಾಕೆಂದರೆ ಆ ಕಾಲದ ಇಂಗ್ಲೆಂಡಿನ ಕೆಳಮನೆಯಲ್ಲಿ ಗುಮಾಸ್ತ ಬರೆಯುತ್ತಿದ್ದುದು ತೀರ್ಮಾನವನ್ನು ಮಾತ್ರ. ಯಾರು ಏನೆಂದರು, ಯಾರು ಕೂಗಾಡಿದರು, ಯಾರು ತೂಕಡಿಸಿದರು ಎಂಬುದು ಅವನ ಪುಸ್ತಕದಲ್ಲಿಲ್ಲ. ಒಳಗಿನ ಮಾತು ಹೊರಗೆ ಹೋಗಬಾರದೆಂಬ ಕಟ್ಟಳೆ ಬೇರೆ ಇತ್ತು. ಹಾಗಿದ್ದೂ ಕೆಲವು ಸದಸ್ಯರು ತೊಡೆಯ ಮೇಲೆ ಕಾಗದವಿಟ್ಟುಕೊಂಡು ತಮ್ಮಷ್ಟಕ್ಕೆ ಗೀಚಿಕೊಂಡರು. ಒಂದೇ ಮಧ್ಯಾಹ್ನದ ಒಂದೇ ಭಾಷಣ ಒಬ್ಬನ ದಿನಚರಿಯಲ್ಲಿ ಸಿಂಹಗರ್ಜನೆ. ಇನ್ನೊಬ್ಬನಲ್ಲಿ ಒಂದು ಸಾಲು. ಮತ್ತೊಬ್ಬನಲ್ಲಿ ಅದನ್ನು ಆಡಿದವನೇ ಬೇರೆ. ಇವುಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಎಲ್ಲಿ ಜಗಳವಾಡುತ್ತವೆ, ಜಗಳದ ನಡುವೆಯೂ ಎಲ್ಲಿ ತಮಗರಿವಿಲ್ಲದೆ ಒಪ್ಪುತ್ತವೆ ಎಂದು ಹುಡುಕುವುದು ನನ್ನ ಕೆಲಸ. ಜೀವಮಾನವಿಡೀ ಮಾಡಿದ್ದು ಇಷ್ಟೇ.

ಮೊದಲ ಮೇಲಧಿಕಾರಿ ಹೊಶಿ ಸೆನ್ಸೇ, ಅಂದರೆ ಹೊಶಿ ಮೇಷ್ಟ್ರು. ನನ್ನನ್ನು ಸೆಂಡಾಯ್‌ಗೆ ಕರೆಸಿಕೊಂಡವರು ಅವರೇ. ನಾನು ಕೂತ ಮೊದಲ ವಿಭಾಗ ಸಭೆಯಲ್ಲಿ ಯಾವುದೋ ಪಠ್ಯ ಬದಲಾವಣೆಯ ವಿಷಯ ಬಂತು. ಬೆಂಗಳೂರಿನಲ್ಲಿ ಕಲಿತವಳು, ಸಭೆ ಎಂದರೆ ವಾದ ಎಂದು ತಿಳಿದಿದ್ದವಳು, ಎದ್ದು ನಿಂತು ಬಲವಾಗಿ ವಾದಿಸಿದೆ. ಯಾರೂ ಉತ್ತರ ಕೊಡಲಿಲ್ಲ. ಅಧ್ಯಕ್ಷರು "ಇಗಿ ನಾಶಿ?" ಎಂದರು. ಆಕ್ಷೇಪವಿಲ್ಲ ತಾನೆ, ಎಂದು. ಎಲ್ಲರೂ ಸುಮ್ಮನಿದ್ದರು. ನಾನು ವಿರೋಧಿಸಿದ್ದೇ ಪಾಸಾಯಿತು.

ಆಮೇಲೆ ಹೊಶಿ ಸೆನ್ಸೇ ನನ್ನನ್ನು ಸೋಬಾ ಶಾವಿಗೆಯ ಅಂಗಡಿಗೆ ಕರೆದುಕೊಂಡು ಹೋದರು. (ಕ್ಯಾಂಟೀನು ಇರಬಹುದು. ಆದರೆ ನೆನಪಿನಲ್ಲಿ ಸೋಬಾದ ಹಬೆ ಇದೆ.)

"ಆ ಕೋಣೆಯಲ್ಲಿ ಏನೂ ತೀರ್ಮಾನವಾಗುವುದಿಲ್ಲ," ಎಂದರು. "ಆಗಿರುವುದನ್ನು ಅಲ್ಲಿ ಓದುತ್ತಾರೆ. ಮರವನ್ನು ಬೇರೆ ಕಡೆ ನೆಡಬೇಕಾದರೆ ತೋಟಗಾರ ಮೊದಲೇ ಬೇರಿನ ಸುತ್ತ ಬಿಡಿಸಿಟ್ಟುಕೊಳ್ಳುತ್ತಾನೆ. ಅದಕ್ಕೆ ನೆಮವಾಶಿ ಎನ್ನುತ್ತೇವೆ. ಒಬ್ಬೊಬ್ಬರ ಕೋಣೆಗೂ ಮುಂಚೆಯೇ ಹೋಗಿ ಮಾತಾಡಬೇಕು."

"ಹಾಗಾದರೆ ಸಭೆ ಯಾಕೆ?"

"ಚಹಾ ಕೊಡುತ್ತಾರಲ್ಲ." ಅವರು ಸೋಬಾ ಸುರ್ರೆಂದು ಎಳೆದುಕೊಂಡು ಮುಂದುವರಿಸಿದರು. "ಇನ್ನೊಂದು. ನೀವು 'ಹೊಸ' ಎಂಬ ಪದವನ್ನು ಹಲವು ಸಲ ಬಳಸಿದಿರಿ. ನಿಮ್ಮ ಪಾರ್ಲಿಮೆಂಟಿನವರು ಹಾಗೆ ಮಾಡುತ್ತಿದ್ದರೇ?"

ನಾನು ಬೆಪ್ಪಾದೆ. ರಾಜನ ಕೈ ಕಟ್ಟಿಹಾಕಲು ಹೊರಟ ಆ ಸದಸ್ಯರು ಒಮ್ಮೆಯೂ ಹೊಸದನ್ನು ಕೇಳಿದವರಲ್ಲ. ಲಂಡನ್ನಿನ ಕೋಟೆಯಲ್ಲಿದ್ದ ಹಳೆಯ ಚರ್ಮದ ಸುರುಳಿಗಳನ್ನು ಬಿಚ್ಚಿ, ಇದು ತಾತಮುತ್ತಾತಂದಿರ ಕಾಲದಿಂದ ನಮ್ಮದು, ನಾವು ವಾಪಸ್ ಕೇಳುತ್ತಿದ್ದೇವೆ ಅಷ್ಟೆ, ಎನ್ನುತ್ತಿದ್ದರು. ಕ್ರಾಂತಿಯನ್ನೇ ಜೀರ್ಣೋದ್ಧಾರ ಎಂದು ಕರೆದು ಮುಗಿಸಿದರು. ಇದನ್ನು ಪುಸ್ತಕದಲ್ಲಿ ಬರೆದವಳು ನಾನು. ಬದುಕಿಗೆ ಹಚ್ಚಿಕೊಂಡಿರಲಿಲ್ಲ.

ತರಗತಿಯ ಒಂದು ಪ್ರಸಂಗ. ಆ ಸಭೆಯಲ್ಲಿ ಮತ ಎಣಿಸುವ ರೀತಿ ವಿಚಿತ್ರವಾಗಿತ್ತು. ಬದಲಾವಣೆ ಬೇಕೆನ್ನುವವರು ಎದ್ದು ಕೋಣೆಯಿಂದ ಹೊರಗೆ ಹೋಗಬೇಕು, ಇದ್ದದ್ದು ಇದ್ದಂತೆ ಇರಲಿ ಎನ್ನುವವರು ಕೂತಲ್ಲೇ ಕೂರಬಹುದು. ಇದನ್ನು ವಿದ್ಯಾರ್ಥಿಗಳಿಂದ ಆಡಿಸಿದೆ. ಚಳಿಗಾಲವಿಡೀ ಬದಲಾವಣೆಯ ಪಕ್ಷ ಸೋಲುತ್ತಲೇ ಹೋಯಿತು. ಜಪಾನಿನ ಯುವಜನರ ಸಂಪ್ರದಾಯಪ್ರಿಯತೆ ಎಂದು ಒಂದು ಲೇಖನವನ್ನೇ ಬರೆಯಲು ಶುರು ಮಾಡಿದ್ದೆ. ಒಂದು ದಿನ ನಾನೇ ಹೊರಗೆ ಹೋಗಿ ನಿಂತಾಗ ಗೊತ್ತಾಯಿತು. ಕಾರಿಡಾರಿನಲ್ಲಿ ಹಿಮದ ಗಾಳಿ. ಹೀಟರ್ ಇದ್ದುದು ಒಳಗೆ.

ಲೇಖನ ಹರಿದು ಹಾಕಿದೆ. ಆದರೆ ದಿನಚರಿಗಳನ್ನು ಮತ್ತೆ ತೆಗೆದು ನೋಡಿದರೆ ಅಲ್ಲೂ ಅದೇ ಗೋಳು. ಎದ್ದು ಹೋದರೆ ಜಾಗ ಹೋಗುತ್ತದೆಂದು ಎಷ್ಟೋ ಸದಸ್ಯರು ಕೂತೇ ಇರುತ್ತಿದ್ದರಂತೆ. ವಿಚಾರಕ್ಕಿಂತ ಬೆಂಚು ದೊಡ್ಡದು. ಆ ವರ್ಷ ಒಬ್ಬ ವಿದ್ಯಾರ್ಥಿ ಪರೀಕ್ಷೆಯಲ್ಲಿ ಬರೆದ: "ಹೀಟರ್ ಪಕ್ಕ ಕೂತವರೆಲ್ಲ ರಾಜನ ಪಕ್ಷ." ಪೂರ್ತಿ ಅಂಕ ಕೊಟ್ಟೆ.

ಆಮೇಲೆ ಕೊರೊನಾ ಬಂತು. ಕಾರಿಡಾರೂ ಹೋಯಿತು, ಕೋಣೆಯೂ ಹೋಯಿತು. ಪರದೆಯ ಮೇಲೆ ಕಪ್ಪು ಚೌಕಗಳು, ಚೌಕದೊಳಗೆ ಹೆಸರುಗಳು. ಪ್ರಶ್ನೆ ಕೇಳಿದರೆ ನನ್ನ ಧ್ವನಿಯೇ ನನಗೆ ವಾಪಸ್. ವಾಕೋದ ಸಂಶೋಧನಾ ಸಂಸ್ಥೆಯಲ್ಲಿದ್ದ ನನ್ನ ಗಂಡ ಮನೆಯಿಂದಲೇ ಕೆಲಸ ಮಾಡಲು ಸೆಂಡಾಯ್‌ಗೆ ಬಂದು ಪಕ್ಕದ ಕೋಣೆ ಹಿಡಿದಿದ್ದರು. "ಯಾರ ಹತ್ತಿರ ಮಾತಾಡ್ತಾ ಇದ್ದೆ ಇಷ್ಟೊತ್ತು?" ಎಂದು ಕೇಳಿದರೆ "ಗೊತ್ತಿಲ್ಲ" ಎನ್ನುತ್ತಿದ್ದೆ.

ಆಗ ನನ್ನ ತರಗತಿಗೆ ಸಹಾಯಕಿಯಾಗಿದ್ದವಳು ಪಲ್ಲವಿ, ದಾವಣಗೆರೆಯವಳು. ನನ್ನ ಕೈಕೆಳಗೇ ಪಿಎಚ್‌ಡಿ ಮಾಡುತ್ತಿದ್ದಳು. ಅವಳ ವಿಷಯ ಸದ್ದು. ಬೇಡದವನು ಮಾತಾಡಲು ಎದ್ದರೆ ಆ ಸಭೆಯವರು ಕೆಮ್ಮುತ್ತಿದ್ದರು, ಕ್ಯಾಕರಿಸುತ್ತಿದ್ದರು, ಬಾಯಿ ಮುಚ್ಚಿಕೊಂಡೇ ಒಟ್ಟಿಗೆ ಗುಂಯ್‌ಗುಡುತ್ತಿದ್ದರು. ಗುಮಾಸ್ತನ ಪುಸ್ತಕದಲ್ಲಿಲ್ಲದ ಈ ಸದ್ದನ್ನು ದಿನಚರಿಗಳಿಂದ ಹೆಕ್ಕಿ ಅವಳು ಒಂದು ಪ್ರಬಂಧವನ್ನೇ ಕಟ್ಟುತ್ತಿದ್ದಳು.

"ಮೇಡಂ, ಆನ್‌ಲೈನ್‌ನಲ್ಲಿ ಇದನ್ನ ಟ್ರೈ ಮಾಡೋಣ," ಎಂದಳು ಒಂದು ದಿನ. "ಕೆಮ್ಮೋದು ಬೇಡ, ಈ ಟೈಮಲ್ಲಿ ಎಲ್ಲಾ ಹೆದರ್ಕೊಳ್ತಾರೆ. ಗುಂಯ್ ಅನ್ನೋದು ಸೇಫ್."

ಒಬ್ಬ ಹುಡುಗ ಭಾಷಣಕಾರನಾದ. ಉಳಿದವರೆಲ್ಲ ಮೈಕ್ ತೆರೆದು ಗುಂಯ್‌ಗುಡಬೇಕು. ಎಣಿಸಿ ಶುರು ಮಾಡಿಸಿದೆ. ಪೂರ್ಣ ನಿಶ್ಶಬ್ದ. ಭಾಷಣಕಾರ ಯಾವ ಅಡ್ಡಿಯೂ ಇಲ್ಲದೆ ರಾಜಭಕ್ತಿಯ ಬಗ್ಗೆ ಮಾತಾಡುತ್ತಲೇ ಹೋದ. ನಾಚಿಕೆ ಇರಬೇಕು ಎಂದುಕೊಂಡು "ಇನ್ನೂ ಜೋರಾಗಿ!" ಎಂದು ಹುರಿದುಂಬಿಸಿದೆ. ಆಗ ಪಲ್ಲವಿ ಮುಖ ಕೆಂಪಾಗಿಸಿಕೊಂಡು ಕ್ಯಾಮೆರಾ ಹಚ್ಚಿದಳು.

"ಮೇಡಂ, ಎಲ್ರೂ ಜೋರಾಗೇ ಮಾಡ್ತಿದಾರೆ. ಸಾಫ್ಟ್‌ವೇರು ಅದನ್ನ ಫ್ಯಾನ್ ಸದ್ದು ಅನ್ಕೊಂಡು ಅಳಿಸಿ ಹಾಕ್ತಿದೆ."

ಆ ದಿನ ಮೊದಲ ಬಾರಿಗೆ ಕಪ್ಪು ಚೌಕಗಳು ಒಂದೊಂದಾಗಿ ಮುಖಗಳಾದವು. ಎಲ್ಲರಿಗೂ ನಗು ತಡೆಯಲಾಗಿರಲಿಲ್ಲ. ಹೊಸಬರಿಗೆ ಹೇಳುವುದಿಷ್ಟು. ತರಗತಿಯಲ್ಲಿ ನಿಮ್ಮ ಯೋಜನೆ ಕೆಟ್ಟಾಗಲೇ ವಿದ್ಯಾರ್ಥಿಗಳು ಹತ್ತಿರ ಬರುತ್ತಾರೆ. ಆದರೆ ಕೆಡಲಿ ಎಂದೇ ಯೋಜಿಸಬೇಡಿ, ಅದು ಅವರಿಗೆ ಗೊತ್ತಾಗುತ್ತದೆ.

ಇನ್ನು ನಾನು ನಿಜವಾಗಿ ಹೇಳಬೇಕೆಂದಿದ್ದಕ್ಕೆ ಬರುತ್ತೇನೆ.

ಎರಡನೇ ಅಲೆಯಲ್ಲಿ ಪಲ್ಲವಿಯ ತಂದೆ ಆಸ್ಪತ್ರೆ ಸೇರಿದರು. ಅವಳು ಸಿಕ್ಕ ವಿಮಾನ ಹಿಡಿದು ಹೋದಳು. ತಂದೆ ಉಳಿದರು, ಚೇತರಿಸಿಕೊಂಡು ಮನೆಗೂ ಬಂದರು. ಆದರೆ ಅಷ್ಟರಲ್ಲಿ ಭಾರತದಲ್ಲಿದ್ದವರಿಗೆ ಜಪಾನ್ ಬಾಗಿಲು ಹಾಕಿತು. ವೀಸಾ ಇದ್ದರೂ ಸರಿ, ಸೆಂಡಾಯ್‌ನಲ್ಲಿ ಬಾಡಿಗೆ ಮನೆ ಇದ್ದರೂ ಸರಿ, ವಾಪಸ್ ಬರುವಂತಿಲ್ಲ. ಯಾವಾಗ ತೆರೆಯುತ್ತಾರೆಂದು ಯಾರೂ ಹೇಳುವಂತಿರಲಿಲ್ಲ.

ಪ್ರಬಂಧ ಮುಗಿದಿತ್ತು. ಮೌಖಿಕ ಪರೀಕ್ಷೆಯೊಂದು ಬಾಕಿ. ಅವಳ ವ್ಯಾಸಂಗದ ಗರಿಷ್ಠ ಅವಧಿ ಆ ಸೆಪ್ಟೆಂಬರಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಪರೀಕ್ಷೆ ಆಗದಿದ್ದರೆ ಹೆಸರು ತೆಗೆಯುತ್ತಾರೆ, ಮಾಡಿದ್ದೆಲ್ಲ ನೀರುಪಾಲು. ಪರೀಕ್ಷಕರು ಮನೆಯಿಂದಲೇ ಕೂತು ಪ್ರಶ್ನೆ ಕೇಳಬಹುದೆಂದು ಹಿಂದಿನ ವರ್ಷವೇ ಒಪ್ಪಿದ್ದರು. ಅಭ್ಯರ್ಥಿ ಮಾತ್ರ ನಮ್ಮ ಕಟ್ಟಡದ ಕೋಣೆಯಲ್ಲಿ ಹಾಜರಿರಲೇಬೇಕು. ಕಚೇರಿಗೆ ಫೋನ್ ಮಾಡಿದೆ. ಆ ಕಡೆಯಿಂದ ಅತ್ಯಂತ ವಿನಯದ ದನಿಯಲ್ಲಿ ಬಂದ ಉತ್ತರ: "ಝೆನ್ರೇ ಗಾ ನಾಯ್." ಹಿಂದೆ ನಡೆದದ್ದಿಲ್ಲ. ಜಪಾನಿನಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ, ಈ ವಾಕ್ಯದ ಮುಂದೆ ಬಾಗಿಲಿಲ್ಲ, ಗೋಡೆ.

ದಾವಣಗೆರೆಗೆ ವಿಡಿಯೊ ಕರೆ ಮಾಡಿ ವಿಷಯ ತಿಳಿಸಿದೆ. ಪಲ್ಲವಿಯ ಹಿಂದಿನಿಂದ ಅವಳ ತಾಯಿ ಮುಖ ತೂರಿಸಿದರು.

"ಮೇಡಂ, ನಮಸ್ಕಾರ್ರೀ. ಇಲ್ಲಿಂದ್ಲೇ ಮಾತಾಡಿದ್ರ ಯಾಕ್ರೀ ಆಗಲ್ಲ? ನಮ್ಮ ಪಕ್ಕದ ಮನಿಯವರು ನಿಶ್ಚಯಾನೇ ಫೋನ್‌ನಾಗ ಮಾಡಿದ್ರು. ಹುಡುಗ ದುಬೈದಾಗ, ಹುಡುಗಿ ಇಲ್ಲಿ. ಯಾರೂ ಏನೂ ಅನ್ನಲಿಲ್ಲ."

"ಅಮ್ಮಾ, ಸುಮ್ನಿರು."

"ನಾನೇನ್ ತಪ್ಪು ಕೇಳಿದೆ? ಅಪ್ಪನ್ನ ನೋಡಾಕ ಬಂದದ್ದಕ್ಕ ಶಿಕ್ಷೆ ಏನಿದು?"

ಪಲ್ಲವಿ ಕೊನೆಗೆ ಹೇಳಿದ್ದು ಒಂದೇ ಮಾತು. "ಮೇಡಂ, ಆಗದಿದ್ರೆ ಪರವಾಗಿಲ್ಲ. ನೀವು ರಿಟೈರ್ ಆಗೋ ಟೈಮಲ್ಲಿ ಜಗಳ ಮಾಡ್ಕೋಬೇಡಿ." ಆಗ ತೀರ್ಮಾನ ಮಾಡಿದೆ, ಜಗಳ ಮಾಡಿಕೊಳ್ಳಬೇಕು ಎಂದು.

ಹೊಶಿ ಸೆನ್ಸೇ ಆ ಹೊತ್ತಿಗೆ ತೀರಿಹೋಗಿದ್ದರು. ಅವರು ಕಲಿಸಿದಂತೆ ಬೇರು ಬಿಡಿಸಲು ಹೊರಟೆ. ಫೋನ್ ಮಾಡಿದವರೆಲ್ಲರದೂ ಒಂದೇ ಮಾತು: "ಕುರೊದಾ ಸೆನ್ಸೇ ಒಪ್ಪಿದರೆ ನಮ್ಮದೇನಿಲ್ಲ." ಕುರೊದಾ ನಮ್ಮ ಡೀನ್. ಅಳೆದು ತೂಗಿ ಮಾತಾಡುವವರು, ಯಾರಿಗೂ ಕೆಡುಕು ಬಯಸಿದವರಲ್ಲ. ಅವರ ಕೋಣೆಗೆ ಹೋದೆ. ನಡುವೆ ಪಾರದರ್ಶಕ ಪ್ಲಾಸ್ಟಿಕ್ ಹಲಗೆ, ಇಬ್ಬರಿಗೂ ಮಾಸ್ಕ್.

"ನಾನು ವಿರೋಧಿಯಲ್ಲ," ಎಂದರು. "ಹಿಂದೆ ಒಮ್ಮೆಯಾದರೂ ನಡೆದಿದ್ದರೆ ತೋರಿಸಿ, ಇವತ್ತೇ ಸಹಿ ಹಾಕುತ್ತೇನೆ."

"ಪ್ಲೇಗ್ ಬಂದ ವರ್ಷ ಇಂಗ್ಲೆಂಡಿನ ಪಾರ್ಲಿಮೆಂಟೇ ಲಂಡನ್ ಬಿಟ್ಟು ಆಕ್ಸ್‌ಫರ್ಡ್‌ಗೆ ಹೋಗಿ ಕೂತಿತ್ತು."

ಕುರೊದಾ ಮಾಸ್ಕಿನೊಳಗೇ ನಕ್ಕರು. "ಅದು ಇಂಗ್ಲೆಂಡು. ನಮ್ಮ ವಿಭಾಗದ್ದು ಬೇಕು."

ಆಗ ನನಗೆ ಹೊಳೆಯಿತು. ಅಥವಾ ಮೆಟ್ಟಿಲಿಳಿಯುವಾಗ ಹೊಳೆದು ವಾಪಸ್ ಹತ್ತಿ ಹೋದೆ. ಎರಡೂ ಚಿತ್ರಗಳು ನನ್ನಲ್ಲಿವೆ. ಅಂತೂ ಕೇಳಿದೆ: "ಭೂಕಂಪದ ವರ್ಷ? ಸಾಯ್ತೊ-ಸಾನ್ ಪರೀಕ್ಷೆ? ನೀವೂ ಇದ್ದಿರಲ್ಲ."

ದೊಡ್ಡ ಭೂಕಂಪವಾಗಿ ನಮ್ಮ ಕಟ್ಟಡ ಬಿರುಕು ಬಿಟ್ಟಿದ್ದಾಗ, ಸಾಯ್ತೊ ಎಂಬ ವಿದ್ಯಾರ್ಥಿ ಊರಿನಲ್ಲಿ ಸಿಕ್ಕಿಬಿದ್ದಿದ್ದ. ರೈಲಿಲ್ಲ, ರಸ್ತೆಯಿಲ್ಲ. ಏಪ್ರಿಲ್‌ನಿಂದ ಅವನಿಗೊಂದು ಕೆಲಸ ನಿಗದಿಯಾಗಿತ್ತು, ಪದವಿ ಇಲ್ಲದಿದ್ದರೆ ಕೆಲಸವಿಲ್ಲ. ಹೊಶಿ ಸೆನ್ಸೇ ಮೊಬೈಲ್ ಫೋನಿನಲ್ಲೇ ಅವನ ಮೌಖಿಕ ಪರೀಕ್ಷೆ ನಡೆಸಿಬಿಟ್ಟಿದ್ದರು.

ಕುರೊದಾ ಮುಖದ ಮೇಲಿನ ನಗು ಹೋಯಿತು. "ಆ ವರ್ಷ ಲೆಕ್ಕಕ್ಕಿಲ್ಲ," ಎಂದರು. "ಆ ವರ್ಷವನ್ನು ಇಲ್ಲಿ ಯಾರೂ ಮೇಲ್ಪಂಕ್ತಿ ಮಾಡಿಕೊಳ್ಳುವುದಿಲ್ಲ." ಕಿಟಕಿಯ ಕಡೆ ತಿರುಗಿದರು. ಮಾತು ಮುಗಿದಿತ್ತು.

ಕಡತ ತೆಗೆಸಿ ನೋಡಿದೆ. "ಸಾಯ್ತೊ: ಉತ್ತೀರ್ಣ." ಅಷ್ಟೆ. ಎಲ್ಲಿ ನಡೆಯಿತು, ಅವನು ಎಲ್ಲಿದ್ದ ಎಂಬುದಿಲ್ಲ. ನಾಲ್ಕು ಶತಮಾನ ಕಳೆದರೂ ಗುಮಾಸ್ತರು ಬದಲಾಗಿಲ್ಲ! ಬೇಸರವಾಗಬೇಕಿತ್ತು. ನನಗೆ ಖುಷಿಯಾಯಿತು. ಇದು ನನ್ನದೇ ಕೆಲಸ. ತೀರ್ಮಾನ ಮಾತ್ರ ಉಳಿದಿದೆ, ಮಾತು ಕಳೆದಿದೆ. ಇನ್ನು ನೆನಪುಗಳನ್ನು ಹುಡುಕಬೇಕು.

ನನ್ನ ನೆನಪು: ಅದು ನಡೆದದ್ದು ವ್ಯಾಯಾಮಶಾಲೆಯಲ್ಲಿ. ಹೊಶಿ ಸೆನ್ಸೇ ಫೋನನ್ನು ಮೇಲೆತ್ತಿ ಹಿಡಿದಿದ್ದರು. ಹೊರಗೆ ಹಿಮ.

ಫ್ರಾನ್ಸಿನ ಇತಿಹಾಸ ಕಲಿಸಿ ನಿವೃತ್ತರಾಗಿದ್ದ ಎಂದೊ-ಸಾನ್ ಅವತ್ತು ಪರೀಕ್ಷಕಿಯಾಗಿದ್ದವರು. ಫೋನ್ ಮಾಡಿದೆ. "ವ್ಯಾಯಾಮಶಾಲೆಯೇ? ಅಲ್ಲಿ ಜನ ಆಶ್ರಯ ಪಡೆದಿದ್ದರಲ್ಲ. ಅದು ಪಾರ್ಕಿಂಗ್ ಜಾಗ. ಬಿಸಿಲಿತ್ತು. ಫೋನನ್ನು ಮಡಚುವ ಕುರ್ಚಿಯ ಮೇಲೆ ಇಟ್ಟಿದ್ದರು, ಮನುಷ್ಯರನ್ನು ಕೂರಿಸಿದ ಹಾಗೆ. ನಾವು ಸುತ್ತ ಬಗ್ಗಿ ನಿಂತಿದ್ದೆವು."

"ಹಿಮ?"

"ನೀವು ಯಾವಾಗಲೂ ಹಿಮ ಸೇರಿಸುತ್ತೀರಿ."

ಸಾಯ್ತೊ-ಸಾನ್ ಈಗ ಅಕಿತಾದಲ್ಲಿ ಮೇಷ್ಟ್ರು. "ನನಗೇನು ಕಾಣಿಸುತ್ತೆ ಸೆನ್ಸೇ, ನಾನು ಅಜ್ಜಿ ಮನೆಯ ಹಿಂದಿನ ದಿಬ್ಬದ ಮೇಲೆ ನಿಂತಿದ್ದೆ, ಅಲ್ಲಿ ಮಾತ್ರ ಸಿಗ್ನಲ್. ನಿಮ್ಮ ಕಡೆಯಿಂದ ಹೆಲಿಕಾಪ್ಟರ್ ಸದ್ದು ಬರುತ್ತಿತ್ತು. ಹೊಶಿ ಸೆನ್ಸೇ 'ಜೋರಾಗಿ, ಇನ್ನೂ ಜೋರಾಗಿ' ಎನ್ನುತ್ತಿದ್ದರು. ನನ್ನ ಪ್ರಬಂಧದ ಎರಡನೇ ಅಧ್ಯಾಯವನ್ನು ಇಡೀ ಊರಿಗೆ ಕಿರುಚಿ ಹೇಳಿದ್ದೇನೆ. ಕೆಳಗಿನ ಹೊಲದಲ್ಲಿದ್ದ ಮುದುಕ ಕೊನೆಗೆ ಚಪ್ಪಾಳೆ ತಟ್ಟಿದ."

ಇಷ್ಟನ್ನೇ ಹಿಡಿದುಕೊಂಡು ಸಭೆಗೆ ಹೋಗಬೇಕಾಯಿತು. ಬೇರು ಬಿಡಿಸಿರಲಿಲ್ಲ. ಡೀನ್ ಒಪ್ಪಿರಲಿಲ್ಲ. ಗಂಡ ಬಾಗಿಲಲ್ಲಿ ನಿಂತು, "ಇವತ್ತು ಯುದ್ಧವೇ?" ಎಂದರು. "ಜೀರ್ಣೋದ್ಧಾರ," ಎಂದೆ.

ವಿಭಾಗ ಸಭೆಯೂ ಆನ್‌ಲೈನ್. ಎಲ್ಲರ ಮೈಕೂ ಮುಚ್ಚಿರುತ್ತಿದ್ದರಿಂದ ಮೌನ ಮೊದಲಿಗಿಂತ ಗಟ್ಟಿಯಾಗಿತ್ತು. ಕುರೊದಾ ಒಂದೊಂದೇ ವಿಷಯ ಓದುತ್ತಾ ಬಂದರು. "ಪಲ್ಲವಿ-ಸಾನ್ ಅವರ ಹೆಸರನ್ನು ಸೆಪ್ಟೆಂಬರ್ ಕೊನೆಗೆ ತೆಗೆಯುವುದು. ಇಗಿ..."

ಮೈಕ್ ತೆರೆದೆ. "ಸುಮಿಮಾಸೆನ್, ಕ್ಷಮಿಸಿ. ನಾನು ಹೊಸದೇನನ್ನೂ ಕೇಳುತ್ತಿಲ್ಲ. ನಮ್ಮ ವಿಭಾಗದಲ್ಲಿ ಮೊದಲಿನಿಂದಲೂ ಇರುವ ಪದ್ಧತಿಯನ್ನು ಪಾಲಿಸಿ ಎಂದಷ್ಟೇ ಕೇಳುತ್ತಿದ್ದೇನೆ. ಬರಲು ದಾರಿಯೇ ಇಲ್ಲದ ಅಭ್ಯರ್ಥಿಯನ್ನು ನಾವು ದೂರದಿಂದ ಪರೀಕ್ಷಿಸುತ್ತೇವೆ. ಯಾವಾಗಲೂ ಹಾಗೆಯೇ ಮಾಡಿದ್ದೇವೆ."

ಯಾವಾಗಲೂ ಎಂದರೆ ಒಂದೇ ಸಲ. ಆದರೆ ಅಂಥ ಸಂದರ್ಭ ಬಂದಿದ್ದೂ ಒಂದೇ ಸಲ. ಹದಿನೇಳನೇ ಶತಮಾನದ ಯಾವ ವಕೀಲನಾದರೂ ಈ ಮಾತಿಗೆ ತಲೆದೂಗುತ್ತಿದ್ದ.

ಮೂರು ನೆನಪುಗಳನ್ನೂ ಇದ್ದ ಹಾಗೇ ಹೇಳಿದೆ, ಹಿಮ, ಬಿಸಿಲು, ಕುರ್ಚಿ, ಮುದುಕನ ಚಪ್ಪಾಳೆ ಸಮೇತ. ಒಬ್ಬ ಕಿರಿಯ ಪ್ರೊಫೆಸರ್ ಕೈ ಎತ್ತಿದರು.

"ಕ್ಷಮಿಸಿ. ಜಾಗವೇ ಒಂದಾಗುತ್ತಿಲ್ಲ. ಹವಾಮಾನವೂ ಒಂದಾಗುತ್ತಿಲ್ಲ. ಇದನ್ನು ಹೇಗೆ ನಂಬುವುದು?"

"ಅದಕ್ಕೇ ನಂಬಬೇಕು," ಎಂದೆ. ಇಷ್ಟು ವರ್ಷ ಪುಸ್ತಕಗಳ ಅಡಿಟಿಪ್ಪಣಿಯಲ್ಲಿ ಬರೆಯುತ್ತಿದ್ದುದನ್ನು ಬಾಯಿಬಿಟ್ಟು ಹೇಳಿದೆ. "ಮೂವರೂ ಒಂದೇ ಕಥೆ ಹೇಳಿದ್ದರೆ ನಾನೇ ಅನುಮಾನಿಸುತ್ತಿದ್ದೆ, ಮೊದಲೇ ಮಾತಾಡಿಕೊಂಡಿದ್ದಾರೆ ಎಂದು. ಎಲ್ಲದರಲ್ಲೂ ಜಗಳವಾಡುವ ಮೂವರು ಒಂದನ್ನು ಮಾತ್ರ ಜಗಳವಿಲ್ಲದೆ ಹೇಳುತ್ತಿದ್ದಾರೆ. ಅಭ್ಯರ್ಥಿ ಅಲ್ಲಿರಲಿಲ್ಲ, ಅವನ ಧ್ವನಿ ಇತ್ತು, ಅದನ್ನು ಹಾಜರಿ ಎಂದು ಒಪ್ಪಿದೆವು."

ಕುರೊದಾ ನಿಧಾನವಾಗಿ ಹೇಳಿದರು: "ಆ ವರ್ಷ ಲೆಕ್ಕಕ್ಕಿಲ್ಲ ಎಂದು ನಾನು ಮೊದಲೇ ಹೇಳಿದ್ದೆ."

"ಪ್ಲೇಗಿನ ವರ್ಷವನ್ನೂ ಯಾರೂ ಬಯಸಿರಲಿಲ್ಲ, ಡೀನ್. ಆದರೆ ಆಕ್ಸ್‌ಫರ್ಡಿನಲ್ಲಿ ಕೂತು ಮಾಡಿದ ಕಾಯ್ದೆಗಳು ಕಾಯ್ದೆಗಳೇ ಆದವು. ಕೆಟ್ಟ ವರ್ಷ ಎಂದು ಯಾರೂ ಅಳಿಸಲಿಲ್ಲ. ನಮ್ಮ ಆ ವರ್ಷ ಲೆಕ್ಕಕ್ಕಿಲ್ಲವಾದರೆ ಸಾಯ್ತೊ-ಸಾನ್ ಪದವಿಯೂ ಲೆಕ್ಕಕ್ಕಿಲ್ಲ. ವಾಪಸ್ ಕೇಳಬೇಕಾಗುತ್ತದೆ. ಈ ಸಭೆ ಅದಕ್ಕೆ ತಯಾರಿದೆಯೇ?"

ಜಪಾನಿನಲ್ಲಿ ಡೀನ್‌ಗೆ ಸಭೆಯಲ್ಲಿ ಹೀಗೆ ಕೇಳುವುದಿಲ್ಲ. ಕುರೊದಾ ಮಾತಾಡಲು ಶುರು ಮಾಡಿದರು. ತುಟಿ ಅಲ್ಲಾಡುತ್ತಿತ್ತು, ಸದ್ದಿಲ್ಲ. ಬಹಳ ಹೊತ್ತು ಮಾತಾಡಿದರು. ಕೊನೆಗೆ ಆ ಕಿರಿಯ ಪ್ರೊಫೆಸರ್ "ಮೈಕ್" ಎಂದು ಕಾಗದದ ಮೇಲೆ ಬರೆದು ಕ್ಯಾಮೆರಾಗೆ ಹಿಡಿದರು.

"ಆ," ಎಂದರು ಕುರೊದಾ. "ಮತ್ತೆ ಹೇಳುತ್ತೇನೆ. ಆ ಫೋನ್ ನನ್ನದು."

ಎಲ್ಲರೂ ಪರದೆಗೆ ಹತ್ತಿರವಾದರು.

"ತಮ್ಮನ ಸುದ್ದಿ ಬಂದಿರಲಿಲ್ಲ. ಅದಕ್ಕೇ ಕಾಯುತ್ತಿದ್ದೆ. ಚಾರ್ಜ್ ಮುಗಿಯುತ್ತಾ ಬಂದಿತ್ತು. ಹೊಶಿ ಸೆನ್ಸೇ ಬಂದು, 'ಒಬ್ಬ ಹುಡುಗನ ಪರೀಕ್ಷೆಗೆ ಫೋನ್ ಬೇಕು' ಎಂದರು. ಕೊಟ್ಟೆ. ಒಳಗೊಳಗೇ ಬೈದುಕೊಂಡೇ ಕೊಟ್ಟೆ." ಮೇಜಿನ ಮೇಲಿದ್ದ ಫೋನನ್ನು ಪಕ್ಕಕ್ಕೆ ಸರಿಸಿದರು. "ತಮ್ಮ ಆಮೇಲೆ ಸಿಕ್ಕಿದ, ಚೆನ್ನಾಗಿದ್ದ. ಆದರೂ ಆ ದಿನವನ್ನು ನಾನು ನೆನೆಯುವುದಿಲ್ಲ. ಈಗ ನೆನೆಯಬೇಕಾಗಿ ಬಂದಿರುವುದರಿಂದ ಹೇಳುತ್ತೇನೆ. ಅದು ಪರೀಕ್ಷೆಯೇ ಆಗಿತ್ತು. ನಾನು ಹೊಶಿ ಸೆನ್ಸೇ ಪಕ್ಕದಲ್ಲೇ ನಿಂತಿದ್ದೆ." ಕನ್ನಡಕ ತೆಗೆದು ಒರೆಸಿಕೊಂಡರು. "ಒಂದು ತಿದ್ದುಪಡಿ. ವ್ಯಾಯಾಮಶಾಲೆಯೂ ಅಲ್ಲ, ಪಾರ್ಕಿಂಗೂ ಅಲ್ಲ. ಲೈಬ್ರರಿಯ ಹಿಂದಿನ ಸೈಕಲ್ ಸ್ಟ್ಯಾಂಡ್. ಮತ್ತು ಮಳೆ ಬರುತ್ತಿತ್ತು."

ವಿಭಾಗ ಸಭೆಯಲ್ಲಿ ನಗು ಕೇಳಿದ್ದು ನನಗೆ ಅದೇ ಮೊದಲು. ಎಲ್ಲರೂ ಮೈಕ್ ತೆರೆದೇ ನಕ್ಕರು.

ಕುರೊದಾ ಗಂಭೀರರಾಗಿ ಕಾಗದ ನೋಡಿಕೊಂಡರು. "ಬರಲಾಗದ ಅಭ್ಯರ್ಥಿಯನ್ನು ದೂರದಿಂದ ಪರೀಕ್ಷಿಸುವ ನಮ್ಮ ವಿಭಾಗದ ಪದ್ಧತಿಯನ್ನು ಮುಂದುವರಿಸುವುದು. ಇಗಿ ನಾಶಿ?"

ಮೌನ. ಎಂಥ ಮೌನ ಅದು! ಎಷ್ಟೋ ವರ್ಷಗಳಿಂದ ನನ್ನನ್ನು ಸೋಲಿಸುತ್ತಾ ಬಂದಿದ್ದ ಆ ಮೌನ ಅವತ್ತು ನನ್ನ ಪರವಾಗಿ ಕೂತಿತ್ತು. ಅದನ್ನು ಸವಿಯುತ್ತಾ ನಾನೂ ಸುಮ್ಮನಿದ್ದೆ.

ಹೊಸಬರೇ, ಇಲ್ಲಿಂದ ನೀತಿ ಹೆಕ್ಕಿಕೊಳ್ಳಲು ಹೊರಡಬೇಡಿ. ಕುರೊದಾ ಬಾಯಿ ಬಿಡದಿದ್ದರೆ ನಾನು ಸೋಲುತ್ತಿದ್ದೆ, ಆಗ ಇದೇ ವಾದವನ್ನು ಅಧಿಕಪ್ರಸಂಗ ಎನ್ನುತ್ತಿದ್ದರು. ಆದರೂ ಒಂದು ಹೇಳಬಲ್ಲೆ. ಯಾರಿಗೂ ಬೇಡವಾದ ಸತ್ತ ಶತಮಾನವೊಂದನ್ನು ಓದಿಕೊಂಡು ಕೂತವರಿಗೂ ಒಂದಲ್ಲ ಒಂದು ದಿನ ಅದನ್ನು ಬಳಸುವ ಸರದಿ ಬರುತ್ತದೆ. ಆ ದಿನ ತಯಾರಿರಬೇಕು.

ಪರೀಕ್ಷೆ ಆಗಸ್ಟ್‌ನಲ್ಲಿ ನಡೆಯಿತು. ನಮಗೆ ಮಧ್ಯಾಹ್ನ, ದಾವಣಗೆರೆಯಲ್ಲಿ ಇನ್ನೂ ಬೆಳಿಗ್ಗೆ. ಪಲ್ಲವಿ ಮೈಸೂರು ಸಿಲ್ಕ್ ಉಟ್ಟು ಗೋಡೆಗೆ ಬಿಳಿ ಪಂಚೆ ಕಟ್ಟಿ ಅದರ ಮುಂದೆ ಕೂತಿದ್ದಳು. ಚೆನ್ನಾಗಿ ಮಾತಾಡಿದಳು. ಗುಂಯ್‌ಗುಡುವುದು ಅಸಭ್ಯತೆಯಲ್ಲ, ಹೆಸರು ಹೇಳಲು ಹೆದರುವವರ ಮತದಾನ ಎಂದು ಅವಳು ಹೇಳುತ್ತಿದ್ದ ಹೊತ್ತಿಗೆ ಸರಿಯಾಗಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅವಳು ನಿಲ್ಲಿಸಿದಳು. ಪರೀಕ್ಷಕರು ಬರೆದುಕೊಳ್ಳುವುದನ್ನು ನಿಲ್ಲಿಸಿದರು. ಕುಕ್ಕರ್ ಮತ್ತೊಮ್ಮೆ ಕೂಗಿತು.

ಸಭಾಪತಿಯಾಗಿದ್ದ ಕುರೊದಾ ಮುಖದಲ್ಲಿ ಏನೂ ತೋರಗೊಡದೆ ಕೇಳಿದರು: "ಇದು ಪಲ್ಲವಿ-ಸಾನ್ ವಾದಕ್ಕೆ ಬೆಂಬಲವೋ, ಆಕ್ಷೇಪವೋ?"

"ಬೆಂಬಲ, ಡೀನ್," ಎಂದಳು ಪಲ್ಲವಿ. "ಬೇಳೆ ಬೆಂದಿದೆ."

ಪ್ರಶ್ನೆಗಳು ಮುಗಿದವು. ಅವಳನ್ನು ಆನ್‌ಲೈನ್ ಹೊರಕೋಣೆಗೆ ಕಳಿಸಿ ಪರೀಕ್ಷಕರು ಮಾತಾಡಿದೆವು. ಮಾತಾಡಲು ಹೆಚ್ಚೇನೂ ಇರಲಿಲ್ಲ. ಮತ್ತೆ ಒಳಗೆ ಕರೆದೆವು.

ಫಲಿತಾಂಶವನ್ನು ನಮ್ಮಲ್ಲಿ ಎದ್ದು ನಿಂತು ಹೇಳುತ್ತಾರೆ, ಅಭ್ಯರ್ಥಿ ಎದುರಿಗಿದ್ದಾಗ ಮಾತ್ರ. ಪರದೆಯ ಮೇಲೆ ಯಾರೂ ಏಳುವುದಿಲ್ಲ. ಕುರೊದಾ ಎದ್ದರು. ಎದ್ದ ಕೂಡಲೇ ಅವರ ತಲೆ ಚೌಕಟ್ಟಿನಿಂದ ಹೊರಗೆ ಹೋಯಿತು. ಕಂಡದ್ದು ಟೈ, ಕೋಟಿನ ಗುಂಡಿಗಳು, ಕೋಟಿನ ಕೆಳಗೆ ಮನೆಯಲ್ಲಿ ಹಾಕುವ ಪೈಜಾಮ. "ಉತ್ತೀರ್ಣ," ಎಂದಿತು ತಲೆಯಿಲ್ಲದ ಆ ದೇಹ. "ಅಭಿನಂದನೆಗಳು, ಡಾಕ್ಟರ್." ಆಮೇಲೆ ಸೊಂಟದವರೆಗೆ ಬಗ್ಗಿ ನಮಸ್ಕರಿಸಿದರು. ನರೆತ ತಲೆ ಮೇಲಿನಿಂದ ಇಳಿದು ಬಂದು ಚೌಕಟ್ಟು ತುಂಬಿತು.

ಪಲ್ಲವಿಯೂ ಎದ್ದಳು. ಅವಳ ತಲೆಯೂ ಹೋಯಿತು, ಸೀರೆಯ ಸೆರಗು ಮಾತ್ರ ಉಳಿಯಿತು. ಎಂದೊ-ಸಾನ್ ನೋಡಲು ಬಂದಿದ್ದರು, ಅವರೂ ಎದ್ದರು. ನಾನೂ ಎದ್ದೆ. ಪರದೆಯ ತುಂಬ ಹೊಟ್ಟೆಗಳು.

ಪಲ್ಲವಿಯ ಹಿಂದೆ ಬಿಳಿ ಪಂಚೆ ಸರಿಯಿತು. ಅವಳ ತಾಯಿ ಕೈಯಲ್ಲಿ ಸೌಟು ಹಿಡಿದುಕೊಂಡೇ ಇಣುಕಿದರು. "ಯಾಕ ಎಲ್ಲಾ ಎದ್ದು ಹೊಂಟ್ರು? ಮುಗೀತಾ? ಏನಂದ್ರು?"

ಪಲ್ಲವಿ ಮೈಕ್ ಮುಚ್ಚುವುದನ್ನು ಮರೆತಿದ್ದಳು. ಸೆಂಡಾಯ್, ಅಕಿತಾ, ಎಲ್ಲೆಲ್ಲಿಂದಲೋ ಕೇಳುತ್ತಿದ್ದ ಅಷ್ಟೂ ಜನರ ಕಿವಿಗೆ ಬೀಳುವಂತೆ ಅವಳು ತಾಯಿಯನ್ನು ದಾಟಿ ಒಳಕೋಣೆಯತ್ತ ಕೂಗಿದಳು:

"ಅಪ್ಪಾ! ಆತು!"